10 ಲಾರಿ ದಾಟುವವರು ಓದಿ: ದಾವಣಗೆರೆಯ ಒಂದು ಆರ್‌ಟಿಓ ಏಜೆನ್ಸಿ ಬಗ್ಗೆ

ನಮ್ಮ ಲಾರಿಗಳ ಕಾಗದ ಪತ್ರವೆಲ್ಲ ನೋಡಿಕೊಳ್ಳುತ್ತಿದ್ದ ಆರ್‌ಟಿಓ ಏಜೆನ್ಸಿ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಬೇಡ, ಇಂಥ ಆಫೀಸು ಎಲ್ಲ ಊರಲ್ಲೂ ಇವೆ.

ಒಳ್ಳೆಯದು ಮೊದಲು. ಎಫ್‌ಸಿ (ಗಾಡಿ ರಸ್ತೆಗೆ ಯೋಗ್ಯ ಅನ್ನುವ ಸರ್ಟಿಫಿಕೇಟ್), ಪರ್ಮಿಟ್, ಇನ್ಶೂರೆನ್ಸ್ ವಿಷಯದಲ್ಲಿ ಇವರ ಕೆಲಸ ಪಕ್ಕಾ. ಟೇಬಲ್ ಮೇಲೆ ಉದ್ದನೆಯ ರಿಜಿಸ್ಟರ್, ಗಾಡಿಗೊಂದು ಸಾಲು, ಎಫ್‌ಸಿ ಮುಗಿಯುವ ತಾರೀಖು ಕೆಂಪು ಪೆನ್ನಲ್ಲಿ. ತಾರೀಖು ಹತ್ತಿರ ಬಂದರೆ ವಾಟ್ಸಾಪ್‌ಗೆ ಮೆಸೇಜ್ ಬರುತ್ತೆ. ಲಾರಿಗೆ 8 ವರ್ಷ ತುಂಬುವವರೆಗೆ 2 ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. ನ್ಯಾಷನಲ್ ಪರ್ಮಿಟ್‌ಗೆ ಗಾಡಿಗೆ ವರ್ಷಕ್ಕೆ 16,500 ರೂಪಾಯಿ. ಇವೆಲ್ಲ ಒಂದೊಂದು ಗಾಡಿಯ ಲೆಕ್ಕ, ನಿಮ್ಮ ಹತ್ತಿರ 1 ಇರಲಿ 50 ಇರಲಿ ನಿಯಮ ಅದೇ.

ಆದರೆ ಮಾಲೀಕನ ಹತ್ತಿರ ಒಟ್ಟು ಎಷ್ಟು ಗಾಡಿ ಇದೆ ಅಂತ ನೋಡುವ ನಿಯಮಗಳೂ ಇವೆಯಲ್ಲ, ಅಲ್ಲಿಗೆ ಈ ಆಫೀಸು ಕಣ್ಣು ಹಾಯಿಸುವುದೇ ಇಲ್ಲ.

ಇನ್‌ಕಮ್ ಟ್ಯಾಕ್ಸ್‌ನಲ್ಲಿ ನಾವೆಲ್ಲ 44ಎಇ ಅಂತ ಕರೆಯುವ ಸೌಲಭ್ಯ ಇದೆ. ವರ್ಷದ ಯಾವ ಹೊತ್ತಿನಲ್ಲೂ 10ಕ್ಕಿಂತ ಜಾಸ್ತಿ ಗೂಡ್ಸ್ ಗಾಡಿ ಇಲ್ಲದವರಿಗೆ ಮಾತ್ರ. 12 ಟನ್ ಮೀರಿದ ಗಾಡಿಗೆ ಒಟ್ಟು ತೂಕದ ಟನ್ನಿಗೆ ತಿಂಗಳಿಗೆ 1,000 ರೂಪಾಯಿ, ಚಿಕ್ಕದಕ್ಕೆ ಗಾಡಿಗೆ ತಿಂಗಳಿಗೆ 7,500 ಆದಾಯ ಅಂತ ತೋರಿಸಿದರೆ ಆಯಿತು, ಲೆಕ್ಕದ ಪುಸ್ತಕ, ಆಡಿಟ್ ಅಂತ ತಲೆಕೆಡಿಸಿಕೊಳ್ಳಬೇಕಿಲ್ಲ. 28 ಟನ್ನಿನ ಗಾಡಿಗೆ ತಿಂಗಳಿಗೆ 28,000. ಫೈನಾನ್ಸ್‌ನಲ್ಲಿರುವ ಗಾಡಿಯೂ ನಿಮ್ಮದೇ ಅಂತ ಲೆಕ್ಕ. 11ನೇದು ಬಂತೋ, ಆ ವರ್ಷಕ್ಕೆ ಈ ದಾರಿ ಬಂದ್. ಡೀಸೆಲ್, ಟೈರು, ಭತ್ಯೆ, ಎಲ್ಲದಕ್ಕೂ ಬಿಲ್ಲು ಇಟ್ಟು ಲೆಕ್ಕ ಬರೆಯಬೇಕು.

ಜೊತೆಗೆ ಟಿಡಿಎಸ್, ಅಂದರೆ ಬಾಡಿಗೆ ಕೊಡುವಾಗಲೇ ಕಂಪನಿಯವರು ಹಿಡಿದುಕೊಳ್ಳುವ ತೆರಿಗೆ. 10 ಅಥವಾ ಅದಕ್ಕಿಂತ ಕಡಿಮೆ ಗಾಡಿ ಇರುವವರು ಪ್ಯಾನ್ ಕೊಟ್ಟು ಡಿಕ್ಲರೇಷನ್ ಬರೆದುಕೊಟ್ಟರೆ ಕಂಪನಿಯವರು ಬಾಡಿಗೆಯಲ್ಲಿ ಟಿಡಿಎಸ್ ಹಿಡಿಯುವ ಹಾಗಿಲ್ಲ. 11 ಆದರೆ ಆ ಡಿಕ್ಲರೇಷನ್‌ಗೆ ಸಹಿ ಹಾಕಲು ಆಗುವುದಿಲ್ಲ, ಒಬ್ಬರ ಹೆಸರಲ್ಲಿ ವ್ಯವಹಾರ ಇದ್ದರೆ 1% ಹಿಡಿಯುತ್ತಾರೆ. ರಿಟರ್ನ್ಸ್ ಹಾಕಿದಾಗ ಲೆಕ್ಕಕ್ಕೆ ಬರುತ್ತೆ ನಿಜ, ಆದರೆ ಕಂತು ಕಟ್ಟುವವನಿಗೆ ಆ ದುಡ್ಡು ಬೇಕಿರುವುದು ಈ ತಿಂಗಳು.

ನಮ್ಮಲ್ಲಿ ಆಗಿದ್ದು ಇದು. 10 ಲಾರಿ ಇತ್ತು. ಹಳೆಯದೊಂದನ್ನು ಮಾರಿದೆವು, ಬದಲಿಗೆ ಹೊಸದು ಬುಕ್ ಮಾಡಿದೆವು. ಎರಡರ ಫೈಲೂ ಒಟ್ಟಿಗೇ ಇವರ ಕೈಗೆ ಕೊಟ್ಟು, ಹಳೆಯದು ಮೊದಲು ಅಂತ ಬಾಯಿಬಿಟ್ಟು ಹೇಳಿದ್ದೆವು. ಹೊಸ ಗಾಡಿ ರಿಜಿಸ್ಟ್ರೇಷನ್ ಪಟಾಪಟ್ ಆಯಿತು. ಹಳೆಯದರ ಹೈಪೊಥಿಕೇಷನ್ (ಆರ್‌ಸಿಯಲ್ಲಿರುವ ಸಾಲದ ನಮೂದು) ತೆಗೆಸಿ ಹೆಸರು ಬದಲಾಯಿಸುವ ಫೈಲ್ ಕಪಾಟಿನಲ್ಲೇ ಕೂತಿತು. ಮಾರಿದ ಗಾಡಿ ಆರ್‌ಸಿಯಲ್ಲಿ ಇನ್ನೂ ನಮ್ಮದೇ, ಅಂದರೆ ಕಾಗದದ ಮೇಲೆ 11. ಡಿಕ್ಲರೇಷನ್ ಕೇಳಿದ ಮಿಲ್ಲಿನವರಿಗೆ ಏನು ಬರೆದುಕೊಡುವುದು? ಮಾರಿದ್ದಕ್ಕೆ ಅಗ್ರಿಮೆಂಟು, ಡೆಲಿವರಿ ರಸೀದಿ, ಬ್ಯಾಂಕಿಗೆ ಬಂದ ದುಡ್ಡಿನ ದಾಖಲೆ ಎಲ್ಲ ಹಿಡಿದು ಆಡಿಟರ್ ಹತ್ತಿರ ಓಡಾಡಬೇಕಾಯಿತು. ಅಲ್ಲಿಯವರೆಗೆ ಬಾಡಿಗೆಯಲ್ಲಿ ಹಿಡಿದದ್ದು ಹಿಡಿದದ್ದೇ.

ಟ್ಯಾಕ್ಸ್ ಬಿಡಿ, ಆ ಗಾಡಿ ಅಷ್ಟರಲ್ಲಿ ಎಲ್ಲಾದರೂ ಆಕ್ಸಿಡೆಂಟ್ ಮಾಡಿದ್ದರೆ? ಆರ್‌ಸಿಯಲ್ಲಿ ಹೆಸರು ಇರುವವರೇ ಪರಿಹಾರಕ್ಕೆ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ನನಗೆ ನಿದ್ದೆ ಕೆಡಿಸಿದ್ದು ಇದೇ. ಇಷ್ಟು ದೊಡ್ಡ ವಿಷಯಕ್ಕೆ ಅವರ ಉತ್ತರ "ಆಗುತ್ತೆ ಬಿಡಿ ಅಣ್ಣ, ಈ ವಾರ ಮಾಡಿಸ್ತೀನಿ" ಅಷ್ಟೇ.

ಇನ್ನೊಂದು, ಇದನ್ನು 5-6 ಗಾಡಿ ಇರುವವರೂ ನೋಡಿಕೊಳ್ಳಿ. ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ಲೆಕ್ಕ ಗಾಡಿಯದ್ದಲ್ಲ, ಜನರದ್ದು, 10 ಜನ ಆದರೆ ಬರುತ್ತೆ. ಗಾಡಿಗೆ ಒಬ್ಬ ಡ್ರೈವರ್, ಒಬ್ಬ ಕ್ಲೀನರ್ ಅಂದರೆ 5 ಲಾರಿಗೇ 10 ಜನ ಆದರಲ್ವಾ? ಪಿಎಫ್ 20ಕ್ಕೆ. ಇದನ್ನೂ ಅವರು ಯಾವತ್ತೂ ಹೇಳಲಿಲ್ಲ. ನಮ್ಮ ಡ್ರೈವರ್‌ಗಳಿಗೆ ಸಿಗಬೇಕಾದ ಆಸ್ಪತ್ರೆ ಸೌಲಭ್ಯ ಅದು.

ಆರ್‌ಟಿಓ ಕೆಲಸಕ್ಕೆ 5ಕ್ಕೆ 4 ಕೊಡ್ತೀನಿ, ಮಾರಿದ ಗಾಡಿ ವರ್ಗಾವಣೆಗೆ 1. ಒಂದೆರಡು ಲಾರಿ ಇರುವವರು ಇಂಥ ಏಜೆನ್ಸಿಗೆ ಧೈರ್ಯವಾಗಿ ಹೋಗಿ. 9-10ರ ಹತ್ತಿರ ಇದ್ದರೆ, ಹಳೇ ಗಾಡಿಯ ಆರ್‌ಸಿ ಬೇರೆ ಹೆಸರಿಗೆ ಆಗಿದ್ದನ್ನು ಸರ್ಕಾರದ ಪರಿವಾಹನ್ ವೆಬ್‌ಸೈಟ್‌ನಲ್ಲಿ ನೀವೇ ನೋಡಿ, ಆಮೇಲೆ ಹೊಸದರ ಡೆಲಿವರಿ ತಗೊಳ್ಳಿ.