ಒಂದು ಕೈಯಲ್ಲಿ ಅಫಿಡವಿಟ್ಟು, ಇನ್ನೊಂದು ಕೈಯಲ್ಲಿ ಉತಾರ: ‘ರೈತ ಶಾಸಕ’ರನ್ನು ಓದಲು ನೆರವಾಗುವ ತಾಣಗಳ ವಿಮರ್ಶೆ

ಬೆಳಗಾವಿಯಲ್ಲಿ 18, ಬಾಗಲಕೋಟೆಯಲ್ಲಿ 7, ವಿಜಯಪುರದಲ್ಲಿ 8, ಒಟ್ಟು 33 ವಿಧಾನಸಭಾ ಕ್ಷೇತ್ರ. ಚುನಾವಣೆ ಬಂದರೆ ಈ ಮೂರೂ ಜಿಲ್ಲೆಗಳಲ್ಲಿ ಹೆಚ್ಚು ಕೇಳಿಬರುವ ಮಾತು ‘ನಾನೂ ರೈತನ ಮಗ’. ಉದ್ಯೋಗದ ಕಾಲಮಿನಲ್ಲಿ ‘ಕೃಷಿ’ ಎಂದು ಬರೆದವರಲ್ಲಿ ಎರಡೆಕರೆ ಮಡ್ಡಿ ಹೊಲದವರೂ ಇರುತ್ತಾರೆ, ಸಕ್ಕರೆ ಕಾರ್ಖಾನೆಯ ಆಡಳಿತ ಮಂಡಳಿಯಲ್ಲಿ ಕೂತವರೂ ಇರುತ್ತಾರೆ. ಇಬ್ಬರನ್ನೂ ಬೇರೆ ಮಾಡಿ ನೋಡಲು ಮತದಾರನ ಕೈಯಲ್ಲಿ ಎರಡು ಪುಕ್ಕಟೆ ಸೇವೆಗಳಿವೆ: ಅಭ್ಯರ್ಥಿಗಳು ನಾಮಪತ್ರದ ಜೊತೆ ಪ್ರಮಾಣ ಮಾಡಿ ಕೊಡುವ ಆಸ್ತಿ-ಸಾಲದ ವಿವರ ಸಿಗುವ ಚುನಾವಣಾ ಆಯೋಗದ ಅಫಿಡವಿಟ್ ತಾಣ ಮತ್ತು ಹೊಲದ ಪಹಣಿ (ಉತಾರ) ತೋರಿಸುವ ಕಂದಾಯ ಇಲಾಖೆಯ ‘ಭೂಮಿ’ ತಾಣ. ಬೇರೆ ಬೇರೆಯಾಗಿ ನೋಡಿದರೆ ಎರಡೂ ಅರ್ಧಂಬರ್ಧ. ಜೋಡಿಸಿ ಓದಿದರೆ ಮಾತ್ರ ಕೆಲಸಕ್ಕೆ ಬರುತ್ತವೆ.

ಮೊದಲು ಆಯೋಗದ ತಾಣ. ಚುನಾವಣೆ, ರಾಜ್ಯ, ಕ್ಷೇತ್ರ ಆರಿಸಿದರೆ ಅಭ್ಯರ್ಥಿಗಳ ಪಟ್ಟಿ ಬರುತ್ತದೆ. ಹೆಸರು ಒತ್ತಿ, ಒಳಗಿನ ಪುಟದಿಂದ ಅಫಿಡವಿಟ್ಟು ಇಳಿಸಿಕೊಳ್ಳಬಹುದು. ಬಹಳ ಮಂದಿ ಎಡವುವುದು ಕ್ಷೇತ್ರದ ಹೆಸರಿನಲ್ಲಿ. ಊರುಗಳ ಹೆಸರು 2014ರ ನವೆಂಬರ್ 1ರಂದು ಬದಲಾದವು, ಆದರೆ ಕ್ಷೇತ್ರಗಳ ಹೆಸರು 2008ರ ಪುನರ್ವಿಂಗಡಣೆಯಲ್ಲಿ ಇದ್ದಂತೆಯೇ ಉಳಿದಿವೆ. ಹಾಗಾಗಿ ‘ಬೆಳಗಾವಿ’ ಎಂದು ಹುಡುಕಿದರೆ ಏನೂ ಸಿಗದೆ ಹೋಗಬಹುದು, ‘ಬೆಳಗಾಂ ಉತ್ತರ’, ‘ಬಿಜಾಪುರ ಸಿಟಿ’ ಎಂದೇ ನೋಡಬೇಕು. ಇದಕ್ಕಿಂತ ಕ್ಷೇತ್ರದ ಸಂಖ್ಯೆ ಹಿಡಿದು ಹೋಗುವುದು ಸುಲಭ. 1 ನಿಪ್ಪಾಣಿಯಿಂದ 18 ರಾಮದುರ್ಗದವರೆಗೆ ಬೆಳಗಾವಿ ಜಿಲ್ಲೆ, 19 ಮುಧೋಳದಿಂದ 25 ಹುನಗುಂದದವರೆಗೆ ಬಾಗಲಕೋಟೆ, 26 ಮುದ್ದೇಬಿಹಾಳದಿಂದ 33 ಸಿಂದಗಿಯವರೆಗೆ ವಿಜಯಪುರ.

ಒಬ್ಬರೇ ಅಭ್ಯರ್ಥಿಯ ಹೆಸರು ಎರಡು ಮೂರು ಸಲ ಕಂಡರೆ ಗಾಬರಿ ಬೇಡ. ಒಂದು ಕ್ಷೇತ್ರಕ್ಕೆ ನಾಲ್ಕು ಸೆಟ್‌ವರೆಗೆ ನಾಮಪತ್ರ ಕೊಡಬಹುದು. ಮೊದಲ ಸೆಟ್ಟಿನ ತಪ್ಪನ್ನು ನಂತರದ ಸೆಟ್ಟಿನಲ್ಲಿ ತಿದ್ದಿರುವುದುಂಟು, ಆದ್ದರಿಂದ ಕಡೆಯದಾಗಿ ಪ್ರಮಾಣ ಮಾಡಿದ ತಾರೀಖಿನದನ್ನು ಓದಿ.

ಈ ತಾಣದ ದೊಡ್ಡ ಕೊರತೆ ಎಂದರೆ ಕಡತಗಳೆಲ್ಲ ಸ್ಕ್ಯಾನ್ ಮಾಡಿದ ಚಿತ್ರಗಳು. ಒಳಗೆ ಪದ ಹುಡುಕಲು ಆಗದು. ಕೆಲವು ಕನ್ನಡದಲ್ಲಿವೆ, ಕೆಲವು ಇಂಗ್ಲಿಷಿನಲ್ಲಿ, ಕೆಲವು ಕೈಬರಹದಲ್ಲಿ. ನೋಟರಿಯ ಸೀಲು ಅಂಕಿಯ ಮೇಲೇ ಬಿದ್ದು 3 ಯಾವುದು 8 ಯಾವುದು ತಿಳಿಯದ ಪುಟಗಳೂ ಇವೆ. ಮೊಬೈಲಿನಲ್ಲಿ ಓದುವುದು ಕಷ್ಟ. ಇಳಿಸಿಕೊಂಡು, ಆಸ್ತಿಯ ಪುಟಗಳನ್ನಷ್ಟೇ ಪ್ರಿಂಟ್ ತೆಗೆಸಿಕೊಳ್ಳುವುದು ಒಳ್ಳೆಯದು.

ಓದಬೇಕಾದದ್ದು ನಮೂನೆ 26ರಲ್ಲಿ, ಅಂದರೆ ಅಫಿಡವಿಟ್ಟಿನ ನಿಗದಿತ ನಮೂನೆಯಲ್ಲಿ, ಎಲ್ಲಿದೆ ಎಂಬುದು ಮುಖ್ಯ. ಹೊಲದ ವಿವರ 7ನೇ ಕಲಮಿನ ‘ಬಿ’ ಭಾಗದ ಆರಂಭದಲ್ಲೇ ಬರುತ್ತದೆ: ಊರು, ಸರ್ವೇ ನಂಬರು, ಎಷ್ಟು ಎಕರೆ, ಪಿತ್ರಾರ್ಜಿತವೋ ಅಲ್ಲವೋ, ಕೊಂಡಿದ್ದರೆ ಯಾವ ತಾರೀಖು, ಆಗ ಕೊಟ್ಟ ದುಡ್ಡು, ಹೊಲಕ್ಕೆ ಹಾಕಿದ ಖರ್ಚು, ಈಗಿನ ಅಂದಾಜು ಬೆಲೆ. ನಮ್ಮ ಮಟ್ಟಿಗೆ ಇಡೀ ಅಫಿಡವಿಟ್ಟಿನಲ್ಲಿ ಹೆಚ್ಚು ಮಾತಾಡುವುದು ‘ಕೊಂಡ ತಾರೀಖು’. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಅದಕ್ಕೂ ಮುಂಚೆ ಬೇಸಾಯದ ಹೊರಗಿನ ಆದಾಯ ಮಿತಿ ಮೀರಿದವರು ಹೊಲ ಕೊಳ್ಳುವಂತಿರಲಿಲ್ಲ. ಈಗ ಯಾರು ಬೇಕಾದರೂ ಕೊಳ್ಳಬಹುದು. ಹಾಗಾಗಿ ಹೆಸರಿಗೆ ಹೊಲ ಇದೆ ಎಂಬುದಷ್ಟರಿಂದ ಮನೆತನ ಒಕ್ಕಲುತನದ್ದು ಎಂದು ಹೇಳಲಾಗದು. ಪಿತ್ರಾರ್ಜಿತ ಎಷ್ಟು, ರಾಜಕೀಯಕ್ಕೆ ಬರುವ ಮುಂಚೆ ಕೊಂಡದ್ದು ಎಷ್ಟು, ಶಾಸಕರಾದ ಮೇಲೆ ಕೂಡಿದ್ದು ಎಷ್ಟು ಎಂದು ಮೂರು ಗುಂಪು ಮಾಡಿ ಬರೆದುಕೊಂಡರೆ ಒಬ್ಬರ ಇಡೀ ಹಾದಿ ಒಂದು ಹಾಳೆಯಲ್ಲಿ ಕಾಣುತ್ತದೆ.

ಅದೇ 7ನೇ ಕಲಮಿನ ‘ಎ’ ಭಾಗದಲ್ಲಿ ಠೇವಣಿ ಮತ್ತು ಷೇರುಗಳಿವೆ. ಪಿಕೆಪಿಎಸ್ (ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ), ಡಿಸಿಸಿ ಬ್ಯಾಂಕು (ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕು), ಸಕ್ಕರೆ ಕಾರ್ಖಾನೆಗಳ ಷೇರು ಸಿಗುವುದು ಇಲ್ಲಿ. ನಮ್ಮ ಭಾಗದ ರೈತ ರಾಜಕಾರಣಿಗಳಲ್ಲಿ ಅನೇಕರು ಏರಿದ ಏಣಿ ಇದೇ: ಊರ ಸೊಸೈಟಿಯ ನಿರ್ದೇಶಕ ಸ್ಥಾನ, ಅಲ್ಲಿಂದ ಡಿಸಿಸಿ ಬ್ಯಾಂಕು ಅಥವಾ ಕಾರ್ಖಾನೆ, ಆಮೇಲೆ ಟಿಕೆಟ್ಟು. ಆದರೆ ಯಾವ ಸಂಸ್ಥೆಯಲ್ಲಿ ಯಾವ ಹುದ್ದೆ ಎಂದು ಕೇಳುವ ಕಲಮು ನಮೂನೆಯಲ್ಲಿ ಇಲ್ಲ. ಷೇರಿನ ಸಾಲು ನೋಡಿ ಊಹಿಸಿ, ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಖಾತ್ರಿ ಮಾಡಿಕೊಳ್ಳಬೇಕು. 8ನೇ ಕಲಮು ಸಾಲ ಮತ್ತು ಸರ್ಕಾರಿ ಬಾಕಿ, 9ನೇಯದು ಉದ್ಯೋಗ, ಆದಾಯದ ಮೂಲ, ಸರ್ಕಾರದ ಗುತ್ತಿಗೆ. ಉದ್ಯೋಗದಲ್ಲಿ ‘ಕೃಷಿ’ ಎಂದಿದ್ದರೂ ಮೂಲದಲ್ಲಿ ಬಾಡಿಗೆ, ಪಾಲುದಾರಿಕೆ, ಸಂಬಳ ಎಂದಿರಬಹುದು. ಎರಡನ್ನೂ ಕೂಡಿಸಿಯೇ ಓದಿ.

4ನೇ ಕಲಮಿನ ಆದಾಯ ತೆರಿಗೆ ಅಂಕಿಯನ್ನು ಹಿಡಿದು ರೈತ ಅಭ್ಯರ್ಥಿಯನ್ನು ಅಳೆಯಬೇಡಿ. ಅಲ್ಲಿ ಐದು ವರ್ಷದ ರಿಟರ್ನಿನ ಒಟ್ಟು ಆದಾಯ ಇರುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ವಿನಾಯಿತಿ ಇರುವುದರಿಂದ ಅದು ಆ ಮೊತ್ತದಲ್ಲಿ ಸೇರುವುದಿಲ್ಲ. ಐವತ್ತು ಎಕರೆ ಕಬ್ಬಿದ್ದವರು ‘ರಿಟರ್ನ್ ಸಲ್ಲಿಸಿಲ್ಲ’ ಎಂದು ಬರೆದರೂ ಅದು ಸುಳ್ಳಾಗಬೇಕೆಂದಿಲ್ಲ. ಖಾಲಿ ಬಿಟ್ಟ ಕಾಲಮಿನ ಮಾತು ಬೇರೆ. 2013ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಯಾವ ಕಾಲಮನ್ನೂ ಖಾಲಿ ಬಿಡುವಂತಿಲ್ಲ, ‘ಇಲ್ಲ’ ಅಥವಾ ‘ಅನ್ವಯಿಸುವುದಿಲ್ಲ’ ಎಂದಾದರೂ ಬರೆಯಲೇಬೇಕು.

ಇನ್ನು ‘ಭೂಮಿ’. ಪಹಣಿಗೆ ನಮ್ಮ ಕಡೆ ಉತಾರ ಎನ್ನುತ್ತಾರೆ. ಜಿಲ್ಲೆ, ತಾಲೂಕು, ಹೋಬಳಿ, ಊರು, ಸರ್ವೇ ನಂಬರು ಹಾಕಿ, ಸರ್‌ನೋಕ್ (ಸರ್ವೇ ನಂಬರಿನ ಉಪಸಂಖ್ಯೆ) ಮತ್ತು ಹಿಸ್ಸಾ (ಅದರೊಳಗಿನ ಪಾಲು) ಆರಿಸಿದರೆ ಉತಾರ ಪರದೆಯ ಮೇಲೆ ಬರುತ್ತದೆ. ನೋಡಲು ದುಡ್ಡಿಲ್ಲ. ಅಫಿಡವಿಟ್ಟಿನಲ್ಲಿ ಹೋಬಳಿ ಬರೆದಿರುವುದು ಕಡಿಮೆ, ಅದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಹಿಸ್ಸಾಗಳು ‘2+3’ ಎಂದು ಕೂಡಿಕೊಂಡಿರುವುದೂ ಉಂಟು. ಅಫಿಡವಿಟ್ಟಿನಲ್ಲಿ ಬರೀ 2 ಎಂದಿದ್ದು ಉತಾರ ಸಿಗದಿದ್ದರೆ ಹಿಸ್ಸಾ ಪಟ್ಟಿಯನ್ನು ಪೂರ್ತಿ ನೋಡಿ, ಆಮೇಲೆ ‘ಹೊಲವೇ ಇಲ್ಲ’ ಎನ್ನಿ.

ಉತಾರದಲ್ಲಿ 9ನೇ ಕಾಲಂ ಖಾತೆದಾರರ ಹೆಸರು ಮತ್ತು ವಿಸ್ತೀರ್ಣ, 10 ಹೊಲ ಹೇಗೆ ಬಂತು ಎಂಬುದು, 11 ಇತರ ಹಕ್ಕು ಮತ್ತು ಋಣ, 12 ಸಾಗುವಳಿ ಮತ್ತು ಬೆಳೆ. ನಾವು ಬೋಜಾ ಎನ್ನುವ ಸಾಲದ ನಮೂದು 11ರಲ್ಲಿದೆ. ಅಫಿಡವಿಟ್ಟಿನ 8ನೇ ಕಲಮಿನ ಸಾಲವನ್ನು ಇದರ ಜೊತೆ ತಾಳೆ ನೋಡಬಹುದು. ಆದರೆ ಸಾಲ ತೀರಿದ ಮೇಲೂ ಬೋಜಾ ಕಡಿಮೆ ಮಾಡಿಸದೆ ಬಿಟ್ಟ ಉತಾರಗಳು ಬೇಕಾದಷ್ಟಿವೆ, ಬೋಜಾ ಕಂಡ ಕೂಡಲೇ ‘ಸಾಲ ಮುಚ್ಚಿಟ್ಟರು’ ಎನ್ನಲಾಗದು.

ಲೆಕ್ಕ ತಪ್ಪುವುದು ಹೆಚ್ಚಾಗಿ ಗುಂಟೆಯಲ್ಲಿ. ಎಕರೆಗೆ 40 ಗುಂಟೆ. ಉತಾರದಲ್ಲಿ 3.20 ಎಂದಿದ್ದರೆ ಅದು ಮೂರು ಎಕರೆ ಇಪ್ಪತ್ತು ಗುಂಟೆ, ಅಂದರೆ ಮೂರೂವರೆ ಎಕರೆ. ಅದನ್ನೇ ದಶಾಂಶ ಎಂದುಕೊಂಡು ಕೂಡಿಸಿದರೆ ಹತ್ತು ಸರ್ವೇ ನಂಬರು ಇರುವವರ ಲೆಕ್ಕದಲ್ಲಿ ಎಕರೆಗಟ್ಟಲೆ ವ್ಯತ್ಯಾಸ ಬರುತ್ತದೆ. ಖರಾಬು (ಸಾಗುವಳಿಗೆ ಬಾರದ ಜಾಗ) ಕಳೆದ ವಿಸ್ತೀರ್ಣವನ್ನು ಒಬ್ಬರು ಬರೆಯುತ್ತಾರೆ, ಕಳೆಯದ್ದನ್ನು ಇನ್ನೊಬ್ಬರು. ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದರೆ ಒಂದು ಚುನಾವಣೆಗೆ ಇಡೀ ಹೊಲ, ಮುಂದಿನದಕ್ಕೆ ತಮ್ಮ ಪಾಲಿನದಷ್ಟೇ ಬರೆದಿರುತ್ತಾರೆ. ಅಂಕಿ ಬದಲಾದರೂ ಹೊಲ ಅಲ್ಲಿಯೇ ಇರುತ್ತದೆ.

ಈ ಕಾರಣಕ್ಕೇ ಒಂದೇ ಅಫಿಡವಿಟ್ಟು ನೋಡಿ ಬಿಡುವುದು ವ್ಯರ್ಥ. 2013, 2018, 2023 ಮೂರನ್ನೂ ಪಕ್ಕಪಕ್ಕ ಇಟ್ಟು ಸರ್ವೇ ನಂಬರುವಾರು ಗುರುತು ಹಾಕಿ. ಒಂದು ನಂಬರು ಕಾಣೆಯಾದರೆ ಮೂರು ಸಾಧ್ಯತೆ: ಮಾರಿರಬಹುದು, ವಾಟ್ನಿಯಾಗಿ (ಪಾಲಾಗಿ) ಮಕ್ಕಳ ಹೆಸರಿಗೆ ಹೋಗಿರಬಹುದು, ಭೂಸ್ವಾಧೀನವಾಗಿರಬಹುದು. ಬಾಗಲಕೋಟೆ, ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿನ ದೆಸೆಯಿಂದ ಮೂರನೆಯದನ್ನು ಮರೆಯುವಂತಿಲ್ಲ. ‘ಭೂಮಿ’ಯಲ್ಲಿಯೇ ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ) ತೆಗೆದು ನೋಡಿದರೆ ಯಾವುದೆಂದು ತಿಳಿಯುತ್ತದೆ. ಅಫಿಡವಿಟ್ಟು ಕೇಳುವುದು ಗಂಡ, ಹೆಂಡತಿ, ಅವಿಭಕ್ತ ಕುಟುಂಬ ಮತ್ತು ಅವಲಂಬಿತರ ಆಸ್ತಿ. ಸ್ವಂತ ದುಡಿಮೆ ಇರುವ ಮಗನ ಹೆಸರಿನ ಹೊಲ ಅದರಲ್ಲಿ ಬರುವುದಿಲ್ಲ. ಇದು ಕಾನೂನೇ ಬಿಟ್ಟ ಸಂದು, ತಾಣದ ತಪ್ಪಲ್ಲ.

ಬೆಲೆಯ ಕಾಲಮಿಗೆ ನಾವು ಹೆಚ್ಚು ತೂಕ ಕೊಡುವುದಿಲ್ಲ. ಅದು ಅಭ್ಯರ್ಥಿಯದೇ ಅಂದಾಜು. ಹೊಲ ಬಾಗಾಯ್ತವೋ (ನೀರಾವರಿ) ಜಿರಾಯ್ತವೋ (ಮಳೆ ನಂಬಿದ್ದು) ಎಂದು ನಮೂನೆ ಕೇಳುವುದೇ ಇಲ್ಲ. ಇಂಡಿ ಕಡೆಯ ಒಣ ಹೊಲವೂ ಜಮಖಂಡಿಯ ಕೃಷ್ಣಾ ದಂಡೆಯ ಕಬ್ಬಿನ ಹೊಲವೂ ಅಲ್ಲಿ ಬರೀ ‘ಎಕರೆ’. ಉತಾರದ 12ನೇ ಕಾಲಮಿನ ಬೆಳೆ ನೋಡಿದರೆ ಸ್ವಲ್ಪ ಅಂದಾಜು ಸಿಗುತ್ತದೆ. ನೋಂದಣಿ ಇಲಾಖೆಯ ಮಾರ್ಗಸೂಚಿ ದರದ ಜೊತೆ ಹೋಲಿಸುವವರು ಒಂದು ನೆನಪಿಡಿ: ಆ ದರಗಳು 2023ರ ಅಕ್ಟೋಬರ್ 1ರಿಂದ ಬದಲಾದವು, 2023ರ ವಿಧಾನಸಭಾ ಮತದಾನ ನಡೆದದ್ದು ಮೇ 10ಕ್ಕೆ. ಹೊಸ ದರ ಹಿಡಿದು ಹಳೆಯ ಅಫಿಡವಿಟ್ಟನ್ನು ಸುಳ್ಳು ಎಂದರೆ ಅನ್ಯಾಯವಾಗುತ್ತದೆ.

ಅವಸರವಿದ್ದವರಿಗೆ ಚುನಾವಣಾ ಸುಧಾರಣೆಗೆ ದುಡಿಯುವ ಎಡಿಆರ್ ಸಂಸ್ಥೆಯ ‘ಮೈನೇತಾ’ ತಾಣವಿದೆ. ಅಫಿಡವಿಟ್ಟುಗಳನ್ನು ಟೈಪು ಮಾಡಿ, ಒಬ್ಬರದೇ ಹಲವು ಚುನಾವಣೆಗಳ ಆಸ್ತಿಯನ್ನು ಹೋಲಿಸಿ ಕೊಡುತ್ತದೆ. ಮೊದಲ ನೋಟಕ್ಕೆ ಬಹಳ ಅನುಕೂಲ. ಸರ್ವೇ ನಂಬರು, ಗುಂಟೆಯ ವಿಷಯಕ್ಕೆ ಬಂದಾಗ ಮಾತ್ರ ಮೂಲ ಪುಟಕ್ಕೇ ಹೋಗಿ.

ಆಸ್ತಿ ತಿಳಿದಷ್ಟಕ್ಕೆ ರಾಜಕೀಯ ಬದುಕು ತಿಳಿಯದು. ಬೈಲಹೊಂಗಲ ತಾಲೂಕಿನ ಚಿಕ್ಕಬಾಗೇವಾಡಿಯ ಬಾಬಾಗೌಡ ಪಾಟೀಲರು 1989ರಲ್ಲಿ ರೈತ ಸಂಘದಿಂದ ಕಿತ್ತೂರು ಮತ್ತು ಧಾರವಾಡ ಗ್ರಾಮೀಣ ಎರಡೂ ಕಡೆ ಗೆದ್ದರು, 1998ರಲ್ಲಿ ಬಿಜೆಪಿಯಿಂದ ಬೆಳಗಾವಿ ಸಂಸದರಾಗಿ ವಾಜಪೇಯಿ ಸರ್ಕಾರದಲ್ಲಿ ರಾಜ್ಯ ಸಚಿವರಾದರು. ಹಸಿರು ಶಾಲಿನಿಂದ ದಿಲ್ಲಿಯವರೆಗಿನ ಆ ಹಾದಿಗೆ ಆಗಿನ ಅಫಿಡವಿಟ್ಟು ಸಿಗುವುದಿಲ್ಲ. ಆಸ್ತಿ ಘೋಷಣೆ ಕಡ್ಡಾಯವಾದದ್ದು 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳ ನಂತರ, ನಮ್ಮ ವಿಧಾನಸಭೆಗೆ 2004ರ ಚುನಾವಣೆಯಿಂದ. ಅದರ ಹಿಂದಿನವರನ್ನು ಸದನದ ನಡಾವಳಿಯಲ್ಲೇ ಓದಬೇಕು.

ಈಗಿನವರಿಗೂ ಅದು ಬೇಕೇಬೇಕು. ವಿಧಾನಸಭೆಯ ತಾಣದಲ್ಲಿ ಚುಕ್ಕೆ ಗುರುತಿನ (ಸದನದಲ್ಲಿ ಬಾಯಿಮಾತಿನ ಉತ್ತರ ಕೇಳುವ) ಮತ್ತು ಚುಕ್ಕೆ ಗುರುತಿಲ್ಲದ (ಬರಹದ ಉತ್ತರ ಕೇಳುವ) ಪ್ರಶ್ನೋತ್ತರಗಳು ಕನ್ನಡದಲ್ಲಿವೆ. ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನದಿಂದ ಶುರು ಮಾಡಿ, ಕಬ್ಬಿನ ಬಿಲ್ಲಿನ ಬಾಕಿ ಬಗ್ಗೆ ನಿಮ್ಮ ಶಾಸಕರು ಏನು ಕೇಳಿದ್ದಾರೆ ನೋಡಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ 14 ದಿನದಲ್ಲಿ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. ಷೇರಿನ ಸಾಲಿನಲ್ಲಿ ಕಾರ್ಖಾನೆಯ ಹೆಸರಿದ್ದವರು ಈ ಬಡ್ಡಿಯ ಬಗ್ಗೆ ಸದನದಲ್ಲಿ ಬಾಯಿ ತೆರೆದರೋ ಇಲ್ಲವೋ ಎಂಬುದು ‘ರೈತನ ಮಗ’ ಎಂಬ ಮಾತಿಗೆ ನಾವು ಹಚ್ಚುವ ಒರೆಗಲ್ಲು. ಮಂತ್ರಿಗಳಾಗಿದ್ದ ಅವಧಿಯನ್ನು ಈ ಲೆಕ್ಕದಿಂದ ಬಿಡಿ, ಮಂತ್ರಿಗಳು ಉತ್ತರ ಕೊಡುವವರು.

ಅಂಕ ಕೊಡುವುದಾದರೆ ಐದಕ್ಕೆ ‘ಭೂಮಿ’ಗೆ ನಾಲ್ಕು, ಅಫಿಡವಿಟ್ ತಾಣಕ್ಕೆ ಎರಡೂವರೆ. ಅದರೊಳಗಿನ ಮಾಹಿತಿಗೆ ಬೆಲೆ ಕಟ್ಟಲಾಗದು, ಅದನ್ನು ಚಿತ್ರವಾಗಿ ಕಟ್ಟಿಟ್ಟಿರುವುದಕ್ಕೆ ಅಂಕ ಕಡಿಮೆ. ಹುಡುಕುವುದನ್ನು ಚುನಾವಣೆ ಮುಗಿದ ಮೇಲೆ ಇಟ್ಟುಕೊಳ್ಳಬೇಡಿ. ನಾಮಪತ್ರದ ದಿನಗಳಲ್ಲಿ ಚುನಾವಣಾಧಿಕಾರಿಯ ಕಚೇರಿಯ ನೋಟಿಸ್ ಬೋರ್ಡಿನಲ್ಲೂ ಅಫಿಡವಿಟ್ಟಿನ ಪ್ರತಿ ಹಚ್ಚಿರುತ್ತಾರೆ. ಅದರಲ್ಲಿ ತಪ್ಪು ಕಂಡವರು ಉತಾರದ ಪ್ರತಿಯೊಂದಿಗೆ ಪ್ರತಿ-ಅಫಿಡವಿಟ್ಟು ಸಲ್ಲಿಸಬಹುದು. ಅದರಿಂದ ನಾಮಪತ್ರ ತಿರಸ್ಕಾರವಾಗುವುದಿಲ್ಲ. ಸುಳ್ಳು ಘೋಷಣೆಗೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಮಿನಲ್ಲಿ ಆರು ತಿಂಗಳವರೆಗಿನ ಜೈಲು ಅಥವಾ ದಂಡ ಇದೆ, ಅದಕ್ಕೆ ಕೋರ್ಟಿನ ಹಾದಿಯೇ ಬೇರೆ. ಆದರೆ ನಿಮ್ಮ ಪ್ರತಿ-ಅಫಿಡವಿಟ್ಟನ್ನು ಮತದಾನಕ್ಕೆ ಮುಂಚೆ ಊರ ಜನ ಅದೇ ಬೋರ್ಡಿನಲ್ಲಿ ಓದಬಹುದು.