ಎಸಿಗೆ ‘ಹೆಪಾ ಶೀಟ್’ ಹಾಕ್ತೀವಿ ಅಂತ ಬಂದರೆ ಒಳಗೆ ಬಿಡಬೇಡಿ

ಚಿಕ್ಕಮಗಳೂರು, ಹಾಸನದ ಕಡೆಯವರು ಸ್ವಲ್ಪ ಪೂರ್ತಿ ಓದಿ. ಎಸಿ ಸರ್ವಿಸ್ ಅಂತ ಮನೆಮನೆಗೆ ಬಂದು ‘ಹೆಪಾ’ (ತೀರಾ ಸಣ್ಣ ಧೂಳನ್ನೂ ಹಿಡಿಯುವ) ಫಿಲ್ಟರ್ ಮಾರುವವರು ಈಗ ಜಾಸ್ತಿ ಆಗಿದ್ದಾರೆ. ನಮ್ಮನೆಯಲ್ಲಿ ಆಗಿದ್ದನ್ನು ಹೇಳುತ್ತೇನೆ.

ಮಲೆನಾಡಿನಲ್ಲಿ ಎಸಿ ಯಾಕಪ್ಪ ಅಂತ ಬೆಂಗಳೂರಿನ ನೆಂಟರು ನಗುತ್ತಾರೆ. ನಮ್ಮದು ಬಿಸಿ ಗಾಳಿನೂ ಕೊಡುವ ಸ್ಪ್ಲಿಟ್ ಎಸಿ. ಅಮ್ಮನಿಗೆ ಉಬ್ಬಸ ಇದೆ, ಡಿಸೆಂಬರ್ ಚಳಿಗೆ ಅಂತಲೇ ತಂದಿದ್ದು. ಮನೆ ಇರುವುದು ಕಾಫಿ ಬೀಜ ಸುಲಿದು ಹದ ಮಾಡುವ ಕ್ಯೂರಿಂಗ್ ವರ್ಕ್ಸ್ ಪಕ್ಕದ ಬೀದಿಯಲ್ಲಿ. ಸೀಸನ್ ಶುರುವಾದರೆ ಪಾರ್ಚ್‌ಮೆಂಟ್ ಹೊಟ್ಟು (ಬೀಜದ ಮೇಲಿನ ಒಣ ಸಿಪ್ಪೆ) ಹಾರಿಬಂದು ಕಿಟಕಿ ಸರಳಿನ ಮೇಲೆಲ್ಲ ಕೂರುತ್ತದೆ. ಎಸಿ ಜಾಲರಿ ತೆಗೆದರೆ ಅದರಲ್ಲೂ ಅದೇ, ಒಣಗಿದ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಪದರ ಪದರವಾಗಿ ಅಂಟಿಕೊಂಡಿರುತ್ತದೆ.

ಸರ್ವಿಸ್‌ಗೆ ಬಂದವನು ಹಿಡಿದಿದ್ದು ಇದನ್ನೇ. ‘ನೋಡಿ ಅಮ್ಮ, ಈ ಜಾಲರಿ ಯಾವ ಧೂಳೂ ತಡೆಯಲ್ಲ, ನಿಮ್ಮ ಉಬ್ಬಸಕ್ಕೆ ಇದೇ ಕಾರಣ’ ಅಂದ. ಬೆರಳು ದಪ್ಪದ ಬಿಳಿ ಶೀಟ್ ಕತ್ತರಿಸಿ ಜಾಲರಿಯ ಮೇಲೆ ಟೇಪ್ ಹಾಕಿ ಕೂರಿಸಿದ. ಎರಡೂವರೆ ಸಾವಿರ. ಕವರ್ ಮೇಲೆ ‘ಹೆಪಾ ಟೈಪ್’ ಅಂತ ಇತ್ತು, ಅಷ್ಟೇ. ಆ ‘ಟೈಪ್’ ಅನ್ನುವುದರಲ್ಲೇ ಎಲ್ಲ ಇದೆ. ಅಸಲಿ ಹೆಪಾ ಅಂದರೆ 0.3 ಮೈಕ್ರಾನ್ ಕಣವನ್ನೂ ನೂರಕ್ಕೆ 99.97 ಭಾಗ ಹಿಡಿಯಬೇಕು. ಅದರ ಮೂಲಕ ಗಾಳಿ ಎಳೆಯೋಕೆ ಒಳ್ಳೆ ಜೋರಿನ ಫ್ಯಾನ್ ಬೇಕು, ಅಂಚಿನಲ್ಲಿ ಒಂದು ಕೂದಲೆಳೆ ಸಂದೂ ಇರಬಾರದು. ಸ್ಪ್ಲಿಟ್ ಎಸಿಯ ಫ್ಯಾನ್‌ಗೆ ಆ ತಾಕತ್ತು ಇಲ್ಲ. ಅಂದರೆ ಶೀಟ್ ಅಸಲಿಯಾದರೆ ಎಸಿ ಉಸಿರು ಕಟ್ಟುತ್ತದೆ, ನಕಲಿಯಾದರೆ ಸುಮ್ನೆ ದುಡ್ಡು ದಂಡ. ನಮಗೆ ಎರಡೂ ಆಯಿತು.

ಚಳಿಗಾಲದಲ್ಲಿ ಬಿಸಿ ಗಾಳಿ ಸಣ್ಣಗಾಯಿತು, ಆಗಾಗ ತಾನೇ ಆಫ್ ಆಗುತ್ತಿತ್ತು. ಮಾರ್ಚ್‌ನಲ್ಲಿ ಕೂಲಿಂಗ್ ಹಾಕಿದಾಗ ಗೋಡೆ ಮೇಲೆ ನೀರು ಇಳಿಯಿತು. ಮುಚ್ಚಳ ಎತ್ತಿ ನೋಡಿದರೆ ಗಾಳಿ ತಂಪು ಮಾಡುವ ಪೈಪಿನ ಸುರುಳಿ, ಅಂದರೆ ಕಾಯಿಲ್, ಪೂರ್ತಿ ಐಸ್! ಅದೇ ಮನುಷ್ಯನನ್ನು ಕರೆದೆವು. ‘ಗ್ಯಾಸ್ ಖಾಲಿ’ ಅಂದ. ಗ್ಯಾಸ್ ಒತ್ತಡ ಅಳೆಯುವ ಗೇಜ್ ಹಾಕಲಿಲ್ಲ, ಲೀಕ್ ಎಲ್ಲಿ ಅಂತ ಹುಡುಕಲಿಲ್ಲ, ಗ್ಯಾಸ್ ತುಂಬಿದೆ ಅಂತ ಮತ್ತೆ ಸಾವಿರಗಟ್ಟಲೆ ತೆಗೆದುಕೊಂಡು ಹೋದ. ವಾರ ಕಳೆಯುವುದರೊಳಗೆ ಮತ್ತೆ ಐಸ್.

ಕೊನೆಗೆ ಪರಿಚಯದ ಮೆಕ್ಯಾನಿಕ್ ಒಬ್ಬರು ಬಂದು ಮೊದಲು ಆ ಶೀಟ್ ಕಿತ್ತರು. ಐಸ್ ಕರಗುವ ತನಕ ಬರೀ ಫ್ಯಾನ್ ಓಡಿಸಿದರು, ಆಮೇಲೆ ಕೂಲಿಂಗ್ ಹಾಕಿದರು. ಸರಿಹೋಯಿತು. ಶೀಟಿನ ಹಿಂಭಾಗ ತೋರಿಸಿದರು: ಮಧ್ಯದಲ್ಲಿ ಬೆಳ್ಳಗೆ, ಟೇಪ್ ಬಿಟ್ಟಿದ್ದ ಅಂಚಿನ ಉದ್ದಕ್ಕೂ ಧೂಳಿನ ಕಪ್ಪು ಗೆರೆ. ಗಾಳಿ ಸಂದಿಯಿಂದಲೇ ನುಗ್ಗುತ್ತಿತ್ತು. ಮಳೆಗಾಲದವರೆಗೆ ಬಿಟ್ಟಿದ್ದರೆ ಇದರಲ್ಲೇ ಬೂಸ್ಟು ಬರುತ್ತಿತ್ತು ಅಂದರು. ನಮ್ಮ ಜೂನ್-ಜುಲೈ ಥಂಡಿಗೆ ಬೀರುವಿನಲ್ಲಿಟ್ಟ ಚಪ್ಪಲಿಗೇ ಬರುತ್ತದೆ, ಇದಕ್ಕೆ ಬರಲ್ವಾ!

ಈ ಆಟ ನಡೆಯುವುದು ಹೇಗೆ ಅಂದರೆ, ಗ್ಯಾಸ್ ಕಡಿಮೆಯಾದರೂ ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ, ಗಾಳಿ ಕಡಿಮೆಯಾದರೂ ಕಟ್ಟುತ್ತದೆ. ಹಾಗಾಗಿ ಐಸ್ ಕಂಡರೆ ಮೊದಲು ಫಿಲ್ಟರ್ ತೆಗೆದು ನೋಡಿ. ಗ್ಯಾಸ್ ಪೆಟ್ರೋಲ್ ತರ ಉರಿದು ಮುಗಿಯುವುದಿಲ್ಲ, ಪೈಪಿನೊಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಲೀಕ್ ಇರಲೇಬೇಕು. ಅದನ್ನು ತೋರಿಸದೆ ತುಂಬುತ್ತೇನೆ ಅಂದವನನ್ನು ಅಲ್ಲಿಂದಲೇ ಕಳಿಸಿ.

ಕಂಪನಿ ಕೊಟ್ಟ ಜಾಲರಿ ಸಾಕು. ಓಡಿಸುವ ಕಾಲದಲ್ಲಿ ಎರಡು ವಾರಕ್ಕೊಮ್ಮೆ ತೆಗೆದು, ಧೂಳು ಕೂತ ಬದಿಯಿಂದಲ್ಲ, ಹಿಂದಿನಿಂದ ನೀರು ಬಿಟ್ಟು ತೊಳೆಯಿರಿ. ಬಿಸಿನೀರು ಬೇಡ. ಬಿಸಿಲಿಗೂ ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಉಬ್ಬಸದವರು ಮನೆಯಲ್ಲಿದ್ದರೆ ಅಸಲಿ ಹೆಪಾ ಇರುವ ಏರ್ ಪ್ಯೂರಿಫೈಯರ್ ಬೇರೆಯೇ ಇಡಿ.

ಹೋಂಸ್ಟೇಯವರು ಕೆಲವರು ಡಕ್ಟ್ (ಗಾಳಿ ಸಾಗಿಸುವ ಕೊಳವೆ) ಇರುವ ಎಸಿ ಹಾಕಿಸಿದ್ದಾರೆ. ಅದರ ಕಥೆ ಬೇರೆ, ಅಲ್ಲಿ ಫಿಲ್ಟರ್ ಬದಲಾಯಿಸಬೇಕಾಗುತ್ತದೆ. ಒಂದಿಂಚು ದಪ್ಪದ, ಮಡಿಕೆ ಮಡಿಕೆಯಾಗಿ ಮಡಚಿದ ಫಿಲ್ಟರ್ ಆದರೆ ಒಂದರಿಂದ ಮೂರು ತಿಂಗಳು ಬರುತ್ತದೆ. ಕ್ಯೂರಿಂಗ್ ಸೀಸನ್‌ನಲ್ಲಿ ಅಷ್ಟೂ ನೆಚ್ಚಬೇಡಿ, ತಿಂಗಳಿಗೊಮ್ಮೆ ತೆಗೆದು ನೋಡಿ. ಫಿಲ್ಟರ್ ಎಷ್ಟು ಸಣ್ಣ ಕಣ ಹಿಡಿಯುತ್ತದೆ ಅಂತ ಹೇಳುವ ಮೆರ್ವ್ ನಂಬರ್ ಇರುತ್ತದೆ. 8 ಆದರೆ ಮಾಮೂಲಿ ಧೂಳಿಗೆ ಸಾಕು. 13 ಇನ್ನೂ ಸಣ್ಣ ಕಣ ಹಿಡಿಯುತ್ತದೆ, ಆದರೆ ನಿಮ್ಮ ಮೆಷಿನ್ ತಡೆದುಕೊಳ್ಳುತ್ತದಾ ಅಂತ ಮ್ಯಾನುಯಲ್ ನೋಡದೆ ಹಾಕಬೇಡಿ. ಫ್ರೇಮಿನ ಬಾಣದ ಗುರುತು ಫ್ಯಾನ್ ಕಡೆಗೆ ಇರಬೇಕು. ಹಳೇ ಫಿಲ್ಟರ್ ಅಳತೆ ಟೇಪ್ ಹಿಡಿದೇ ತೆಗೆದುಕೊಳ್ಳಿ, ಕವರ್ ಮೇಲಿನ ಅಳತೆಗೂ ನಿಜವಾದ ಅಳತೆಗೂ ಅರ್ಧ ಇಂಚಿನವರೆಗೆ ವ್ಯತ್ಯಾಸ ಇರುತ್ತದೆ.

ದುಡ್ಡು ವಾಪಸ್ ಕೇಳಿದರೆ ಆ ಮನುಷ್ಯ ಫೋನ್ ಎತ್ತುತ್ತಿಲ್ಲ. ಕೊಟ್ಟ ಬಿಲ್ಲಿನಲ್ಲಿ ಅಂಗಡಿ ಹೆಸರೂ ಇಲ್ಲ, ಜಿಎಸ್‌ಟಿ ನಂಬರೂ ಇಲ್ಲ, ‘ಗ್ಯಾಸ್ + ಫಿಲ್ಟರ್’ ಅಂತ ಪೆನ್ನಿನಲ್ಲಿ ಗೀಚಿದ್ದಾನೆ. ನಿಮ್ಮ ಬೀದಿಗೂ ಇಂಥ ಬಿಲ್ ಹಿಡಿದು ಯಾರಾದರೂ ಬಂದಿದ್ದರೆ ಕೆಳಗೆ ತಿಳಿಸಿ, ಎಲ್ಲರದೂ ಸೇರಿಸಿ ದೂರು ಕೊಡೋಣ.