ಟಬೆಬುಯಾ, ಮುತ್ತುಗ: ಜಲವರ್ಣಕ್ಕೆ ಒದ್ದೆ ಕಾಗದವೋ, ಒಣ ಕಾಗದವೋ?

ಹೋಲಿಕೆಗೆ ಆರಿಸಿಕೊಂಡದ್ದು ಎರಡು ಹೂ. ಒಂದು, ಫೆಬ್ರವರಿ–ಮಾರ್ಚ್ ಹೊತ್ತಿಗೆ ಬೆಂಗಳೂರಿನ ರಸ್ತೆಬದಿಯಲ್ಲಿ ಅರಳುವ ಗುಲಾಬಿ ಟಬೆಬುಯಾ. ಇನ್ನೊಂದು, ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಕುರುಚಲು ಕಾಡಿನಲ್ಲಿ ಎಲೆಯೆಲ್ಲ ಉದುರಿಸಿ ಹೂ ಬಿಡುವ ಮುತ್ತುಗ. ಎರಡನ್ನೂ ಎರಡು ಬಗೆಯಲ್ಲಿ ಬರೆದು ಪಕ್ಕಪಕ್ಕ ಇಟ್ಟು ನೋಡಿದೆವು: ಕಾಗದ ನೆನೆಸಿ ಬಣ್ಣ ಹರಿಯಬಿಡುವ ವೆಟ್ ಆನ್ ವೆಟ್ ಒಂದು, ಒಣ ಕಾಗದದ ಮೇಲೆ ತೆಳು ಪದರಗಳನ್ನು ಒಂದರ ಮೇಲೊಂದು ಕೂರಿಸುವ ಗ್ಲೇಜಿಂಗ್ ಇನ್ನೊಂದು. ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕೋಲ್ಡ್ ಪ್ರೆಸ್, ಅಂದರೆ ಮೈ ತರಿತರಿಯಾದದ್ದು; ಕಾಟನ್ನಿನದು ಮತ್ತು ಸೆಲ್ಯುಲೋಸಿನದು (ಮರದ ತಿರುಳಿನದು) ಎರಡೂ. ಬ್ರಶ್ 8ನೇ ನಂಬರಿನ ರೌಂಡ್, ಕೊನೆಯ ಗೆರೆಗಳಿಗೆ 2ನೇ ನಂಬರು.

ಟಬೆಬುಯಾದಲ್ಲಿ ಒದ್ದೆ ಕಾಗದದ್ದೇ ಗೆಲುವು, ಅನುಮಾನವಿಲ್ಲ. ಹೂವಿನ ದಳ ತೆಳು, ಅಂಚು ಸುಕ್ಕುಸುಕ್ಕು, ಒಳಗೆ ಹೋದಂತೆ ಗುಲಾಬಿ ತಿಳಿಯಾಗಿ ಗಂಟಲಲ್ಲಿ ಹಳದಿ ಕಾಣುತ್ತದೆ. ಈ ತಿಳಿಯಾಗುವಿಕೆಯನ್ನು ನೀರೇ ಮಾಡಿಕೊಡುತ್ತದೆ. ಆದರೆ ಇಡೀ ಹೂವನ್ನು ಒಂದೇ ಸಲ ನೆನೆಸಿದರೆ ಐದು ದಳವೂ ಕಲಸಿ ಒಂದು ಗುಲಾಬಿ ಕಲೆಯಾಗುತ್ತದೆ. ಮೊದಲು ಗಂಟಲಿಗೆ ತಿಳಿ ಹಳದಿ ಹಚ್ಚಿ ಪೂರ್ತಿ ಒಣಗಲು ಬಿಡಿ. ಹಸಿಯಿರುವಾಗಲೇ ಗುಲಾಬಿ ತಾಗಿದರೆ ಪೀಚ್ ಬಣ್ಣ ಬಂದುಬಿಡುತ್ತದೆ. ಆಮೇಲೆ 1 ಮತ್ತು 3ನೇ ದಳ, ಅವು ಒಣಗಿದ ಮೇಲೆ 2 ಮತ್ತು 4, ಕೊನೆಗೆ 5. ಪಕ್ಕಪಕ್ಕದ ಎರಡು ದಳ ಯಾವತ್ತೂ ಒಟ್ಟಿಗೆ ಒದ್ದೆಯಿರಬಾರದು.

ದಳಕ್ಕೆ ಬರೀ ನೀರು ಹಚ್ಚಿ ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನೀರು ನಿಂತು ಥಳಥಳ ಅನ್ನುತ್ತಿದ್ದರೆ ಕಾಯಬೇಕು. ಹೊಳಪು ಅರ್ಧ ತಗ್ಗಿ, ಕಾಗದದ ತರಿ ಕಾಣಲು ಶುರುವಾದಾಗ ದಳದ ಹೊರ ಅಂಚಿಗೆ ಬಣ್ಣ ಮುಟ್ಟಿಸಿ ಸುಮ್ಮನಿದ್ದುಬಿಡಿ. ಹೊಳಪು ಪೂರ್ತಿ ಹೋದ ಮೇಲೆ ಮಾತ್ರ ನೀರಿರುವ ಬ್ರಶ್ ತಾಗಿಸಬೇಡಿ: ಕಾಗದಕ್ಕಿಂತ ಬ್ರಶ್ಶಿನಲ್ಲಿ ನೀರು ಹೆಚ್ಚಿದ್ದರೆ ಆ ನೀರು ಬಣ್ಣವನ್ನು ತಳ್ಳಿಕೊಂಡು ಹೋಗಿ ಹಲ್ಲುಹಲ್ಲಾದ ಅಂಚು ಕಟ್ಟುತ್ತದೆ. ಬ್ಲೂಮ್ ಅನ್ನುವುದು ಇದನ್ನೇ. ಬಿದ್ದ ಮೇಲೆ ತಿದ್ದಲು ಹೊರಟರೆ ಇನ್ನಷ್ಟು ಹರಡುತ್ತದೆ.

ವಿದೇಶಿ ವಿಡಿಯೊ ನೋಡಿ ಕಲಿತವರು ಎಡವುವುದು ಇಲ್ಲಿಯೇ. ನಮ್ಮಲ್ಲಿ ಈ ಹೂಗಳು ಅರಳುವುದು ವರ್ಷದಲ್ಲೇ ಗಾಳಿ ಹೆಚ್ಚು ಒಣಗಿರುವ ತಿಂಗಳುಗಳಲ್ಲಿ. ಮಧ್ಯಾಹ್ನ ಆ ಅರೆಹೊಳಪು ಬಂದದ್ದೂ ಗೊತ್ತಾಗದು, ಹೋದದ್ದೂ ಗೊತ್ತಾಗದು. ಫ್ಯಾನ್ ಇದ್ದರಂತೂ ದಳದ ಒಂದು ಮಗ್ಗುಲು ಒಣಗಿ ಇನ್ನೊಂದು ಹಸಿಯಾಗಿಯೇ ಉಳಿಯುತ್ತದೆ. ಬೆಳಗ್ಗೆ ಕೂತು, ಫ್ಯಾನ್ ಆರಿಸಿ, ನೀರನ್ನು ನಿಮಿಷದ ಅಂತರದಲ್ಲಿ ಎರಡು ಸಲ ಹಚ್ಚಿ. ಮೊದಲ ನೀರು ಕಾಗದದೊಳಗೆ ಇಳಿಯುತ್ತದೆ, ಎರಡನೆಯದು ಮೇಲೆ ನಿಲ್ಲುತ್ತದೆ. ಈ ಉಪಾಯ ನಡೆಯುವುದು ಕಾಟನ್ ಕಾಗದದಲ್ಲಿ. ಸೆಲ್ಯುಲೋಸ್ ನೀರನ್ನು ಅಷ್ಟಾಗಿ ಹಿಡಿದಿಟ್ಟುಕೊಳ್ಳದೆ ಅಲ್ಲಲ್ಲಿ ಬೇಗ ಒಣಗಿ ಗಟ್ಟಿ ಗೆರೆ ಬಿಡುತ್ತದೆ.

ಟಬೆಬುಯಾವನ್ನು ಬರೀ ಗ್ಲೇಜಿಂಗಿನಲ್ಲಿ ಬರೆದರೆ? ಆಕಾರ ಅಚ್ಚುಕಟ್ಟಾಗಿ ಬರುತ್ತದೆ, ಜೀವ ಬರುವುದಿಲ್ಲ. ಮೂರನೇ ಪದರಕ್ಕೆ ಹೂ ಪ್ಲಾಸ್ಟಿಕ್ಕಿನದಾಗುತ್ತದೆ. ಸುಕ್ಕಿನ ಗೆರೆಗಳನ್ನಷ್ಟೇ ಒಣಗಿದ ಮೇಲೆ 2ನೇ ನಂಬರಿನ ಬ್ರಶ್ಶಿನಲ್ಲಿ ಎಳೆದರೆ ಸಾಕು.

ಮುತ್ತುಗಕ್ಕೆ ಬಂದರೆ ಲೆಕ್ಕ ತಿರುವುಮುರುವು. ಒದ್ದೆ ಕಾಗದದಲ್ಲಿ ಕಿತ್ತಳೆ ಬಣ್ಣ ಚೆಂದವಾಗಿ ಹರಡುತ್ತದೆ, ಆದರೆ ಯಾವ ಹೂ ಎಂದು ಗುರುತೇ ಸಿಗುವುದಿಲ್ಲ. ಮುತ್ತುಗದ ಗುರುತೆಂದರೆ ಗಿಳಿಯ ಕೊಕ್ಕಿನಂತೆ ಬಾಗಿದ ಆ ದಳ. ಅಂಚು ಕರಗಿದರೆ ಹೂವೇ ಹೋಯಿತು. ದಳ ದಪ್ಪ, ಹೊರಮೈಯಲ್ಲಿ ನವಿರಾದ ರೋಮ. ಓರೆ ಬಿಸಿಲಿನಲ್ಲಿ ಅದು ಬೆಳ್ಳಿ ಮಿನುಗು ಕೊಡುತ್ತದೆ.

ಇದಕ್ಕೆ ಮೂರು ಪದರ. ಮೊದಲನೆಯದು ತೆಳು ಕಿತ್ತಳೆ, ಬಾಗಿನ ಏಣಿನ ಮೇಲೆ ಕಾಗದದ ಬಿಳಿಯನ್ನು ಸಣ್ಣದಾಗಿ ಬಿಟ್ಟು. ಎರಡನೆಯದು ಕೆಂಪುಗಿತ್ತಳೆ, ಏಣಿನ ಪಕ್ಕ ಮೊದಲ ಪದರ ಕಾಣುವಷ್ಟು ಜಾಗ ಬಿಟ್ಟು. ಮೂರನೆಯದು ಮಡಿಕೆಗಳಲ್ಲಿ ಮಾತ್ರ: ಗುಲಾಬಿ ಬಣ್ಣದ ಕ್ವಿನಾಕ್ರಿಡೋನ್ ರೋಸ್‌ಗೆ ಚಿಟಿಕೆಯಷ್ಟು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು. ನೆರಳೆಂದು ಅಲ್ಟ್ರಾಮರೀನ್ ನೀಲಿ ಬೆರೆಸಿದರೆ ಕಿತ್ತಳೆಯೊಂದಿಗೆ ಸೇರಿ ಕೆಸರಾಗುತ್ತದೆ. ನೀಲಿಯನ್ನು ತೊಟ್ಟಿನ ಬಳಿಯ ಕಡುಕಂದು ಪುಷ್ಪಪಾತ್ರೆಗೆ, ಬರ್ನ್ಟ್ ಅಂಬರ್ ಜೊತೆ ಗಟ್ಟಿಯಾಗಿ ಕಲಸಿ ಬಳಸಿ.

ಪದರ ಒಣಗಿದೆಯೇ ಎಂದು ತಿಳಿಯಲು ಬೆರಳ ಹಿಂಬದಿ ಮುಟ್ಟಿಸಿ. ತಣ್ಣಗಿದ್ದರೆ ಒಳಗಿನ್ನೂ ಹಸಿಯಿದೆ. ಒಂದೇ ಜಾಗದಲ್ಲಿ ಬ್ರಶ್ಶನ್ನು ಹಿಂದೆ ಮುಂದೆ ಆಡಿಸಿದರೆ ಕೆಳಗಿನ ಪದರ ಎದ್ದು ಬರುತ್ತದೆ. ಕೆಡ್ಮಿಯಂ ಬಣ್ಣಗಳಲ್ಲಿ ಇದು ಜಾಸ್ತಿ, ಅವು ಕಾಗದದ ಮೇಲ್ಮೈಯಲ್ಲೇ ಕೂರುವಂಥವು. ಪದರ ಕಟ್ಟುವುದಕ್ಕೆ ನಮಗೆ ಪೈರಾಲ್ ಆರೆಂಜ್ ಮೇಲು.

ಬೆಳ್ಳಿ ಮಿನುಗಿಗೆ ಹಲವರು ಮಾಸ್ಕಿಂಗ್ ಫ್ಲೂಯಿಡ್ (ಬಣ್ಣ ತಾಗದಂತೆ ಕಾಗದವನ್ನು ಮುಚ್ಚಿ, ಆಮೇಲೆ ಕಿತ್ತು ತೆಗೆಯುವ ದ್ರವ) ಹಚ್ಚುತ್ತಾರೆ. ತೆಗೆದಾಗ ಉಳಿಯುವುದು ಕತ್ತರಿಸಿದಂಥ ಬಿಳಿ ಗೆರೆ, ಮಿನುಗಲ್ಲ. ಬಿಳಿ ಗುವಾಶ್ (ಕೆಳಗಿನದನ್ನು ಮುಚ್ಚಿಬಿಡುವ ದಟ್ಟ ಜಲವರ್ಣ) ಸುಣ್ಣದಂತೆ ಎದ್ದು ಕಾಣುತ್ತದೆ. ಒಣಗಿದ ಬಣ್ಣದ ಮೇಲೆ ನೀರಿನಲ್ಲಿ ಅದ್ದಿ ಹಿಂಡಿದ ಫ್ಲ್ಯಾಟ್ ಬ್ರಶ್ಶನ್ನು ಒಮ್ಮೆ ಎಳೆದು ಟಿಶ್ಯೂ ಒತ್ತಿದರೆ ಬೇಕಾದಷ್ಟೇ ತಿಳಿಯಾಗುತ್ತದೆ. ತಮಾಷೆಯೆಂದರೆ, ಹೀಗೆ ಬಣ್ಣ ಎತ್ತುವುದು ಅಗ್ಗದ ಸೆಲ್ಯುಲೋಸ್ ಕಾಗದದಲ್ಲೇ ಸುಲಭ. ಹಾಗಾಗಿ ದುಬಾರಿ ಕಾಟನ್ ಹಾಳೆಯನ್ನು ಟಬೆಬುಯಾಕ್ಕೆ ಮೀಸಲಿಡಿ. ಎ4 ಹಾಳೆಯನ್ನು ನಾಲ್ಕು ಮಾಡಿದರೆ ಒಂದೊಂದು ಹೂವಿಗೆ ಧಾರಾಳವಾಯಿತು. ಮುತ್ತುಗವನ್ನು ಸೆಲ್ಯುಲೋಸ್ ಮೇಲೆ ಬರೆಯಬಹುದು. ನಾಲ್ಕನೇ ಪದರಕ್ಕೆ ಮಾತ್ರ ಕೈಹಾಕಬೇಡಿ, ನಾರು ಏಳುತ್ತದೆ.

ಇನ್ನು ಟಬೆಬುಯಾದ ಗುಲಾಬಿ ಯಾವುದು ಎಂಬ ಪ್ರಶ್ನೆ. ಟ್ಯೂಬಿನಿಂದ ತೆಗೆದ ಕೂಡಲೇ ಹೂವಿಗೆ ಹತ್ತಿರವಾಗಿ ಕಾಣುವುದು ಒಪೇರಾ ರೋಸ್. ಆದರೆ ಅದರ ಹೊಳಪು ಬರುವುದು ಫ್ಲೋರಸೆಂಟ್ ಡೈನಿಂದ, ಬೆಳಕಿಗೆ ಅದು ಮಾಸುತ್ತದೆ. ಒಂದು ಪಟ್ಟಿಗೆ ಬಣ್ಣ ಬಳಿದು, ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಕೆಲವು ವಾರ ಅಂಟಿಸಿಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಟ್ಯೂಬಿನ ಮೇಲೆ ಪಿವಿ19 (ಇದು ವರ್ಣದ್ರವ್ಯದ ಸಂಕೇತ) ಎಂದಿರುವ ಕ್ವಿನಾಕ್ರಿಡೋನ್ ರೋಸ್ ತುಸು ಮಂಕಾಗಿ ಕಂಡರೂ ಬಾಳಿಕೆ ಬರುತ್ತದೆ. ಫ್ರೇಮ್ ಹಾಕಿಸುವ ಚಿತ್ರಕ್ಕೆ ಅದೇ ಇರಲಿ. ಸ್ಕೆಚ್‌ಬುಕ್ಕಿನೊಳಗೆ ಮುಚ್ಚಿಯೇ ಇರುವ ಹಾಳೆಗೆ ಒಪೇರಾ ನಡೆದೀತು.